ಬೆಂಕಿ ಐತಾ?

ಊರಿಗೆ ಪ್ಲೇಗು ಬಂದ ವರ್ಷ ದೊಡ್ಡೇರಿ ಕಡೆಯ ಆ ಹಳ್ಳಿಯವರೆಲ್ಲ ಮನೆ ಬಿಟ್ಟು ಗುಡ್ಡದ ಬುಡದ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಇಲಿಗೆ ಹೆದರಿ ಓಡಿದವರು ಚಿರತೆಯ ಬಾಗಿಲಿಗೇ ಬಂದು ಕೂತಿದ್ದರು. ಸುತ್ತಲೂ ಜಾಲಿಮುಳ್ಳಿನ ಬೇಲಿ, ಗುಡಿಸಲಿಗೊಂದು ಬೆಂಕಿ. ಹೊತ್ತು ಮುಳುಗುತ್ತಲೇ ಓಬಕ್ಕನ ಗಂಡ ಮೂಡಲಗಿರಿಯಪ್ಪ ಒಂದು ಸುತ್ತು ಬಂದು, ಪ್ರತಿ ಗುಡಿಸಲಿನ ಮುಂದೆ "ಬೆಂಕಿ ಐತಾ?" ಎಂದು ಕೂಗುವನು. ಒಳಗಿನಿಂದ "ಐತೆ" ಅನ್ನಬೇಕು. ಅನ್ನದವರಿಗೆ ಬೈಗುಳ ತಪ್ಪುತ್ತಿರಲಿಲ್ಲ.

ಅವನಿಗೇ ಪ್ಲೇಗಿನ ಗಡ್ಡೆ ಎದ್ದು ಮೂರನೇ ದಿನಕ್ಕೆ ಹೋಗಿಬಿಟ್ಟ. ಮಣ್ಣು ಮಾಡಿ ಬಂದ ಮೈದುನ ಬೊಮ್ಮಣ್ಣ ಓಬಕ್ಕನ ಗುಡಿಸಲನ್ನು ಕಿತ್ತು ಬೇಲಿಯಾಚೆ, ಕೂಗಳತೆ ದೂರದಲ್ಲಿ ಹಾಕಿಕೊಟ್ಟ.

"ಹತ್ತು ದಿನ ಕಣತ್ತಿಗೆ. ನಿಂಗೂ ಮಗೀಗೂ ಏನೂ ಆಗ್ದಿದ್ರೆ ನಾನೇ ಬಂದು ಕರ್ಕಂಡೋಯ್ತೀನಿ," ಎಂದ, ನೆಲ ನೋಡುತ್ತ. ಮೇಕೆಗೆ ರೋಗ ಅಂಟುವುದಿಲ್ಲವೆಂದು ಅವಳ ಮೇಕೆಯನ್ನು ಮಾತ್ರ ಒಳಗೇ ಉಳಿಸಿಕೊಂಡ!

ಓಬಕ್ಕನಿಗೆ ಅಳುವೂ ಬಂದಿರಲಿಲ್ಲ. ಎದೆಯೊಳಗೆ ಏನೂ ಇರಲಿಲ್ಲ, ಅಷ್ಟೇ. ಐದು ವರ್ಷದ ಮಗಳು ಚಿಕ್ಕಕ್ಕ ಈ ಹತ್ತು ದಿನ ಚಿರತೆಯ ಬಾಯಿಗೆ ಬೀಳದೆ ಉಳಿಯಬೇಕು ಎನ್ನುವುದೊಂದೇ ತಲೆಯಲ್ಲಿತ್ತು. ಗಂಡ ಹೇಳುತ್ತಿದ್ದುದನ್ನೆಲ್ಲ ಕೈ ತಾನಾಗಿಯೇ ಮಾಡಿತು. ಮುಳ್ಳು ಕಡಿದು ಆಳೆತ್ತರ ಒಟ್ಟಿದಳು. ಹೊತ್ತಿದ್ದಂತೆಯೇ ಮುದ್ದೆ ಉಂಡು, ಗಡಿಗೆ ತೊಳೆದು, ಮಗಳನ್ನು ಬಯಲಿಗೆ ಕರೆದೊಯ್ದು ತಂದು, ಬಾಗಿಲಿಗೆ ಮುಳ್ಳಿನ ಕೊಂಬೆ ಎಳೆದುಕೊಳ್ಳುವಳು.

ಸಂಜೆಯ ಕೂಗು ಈಗ ಬೊಮ್ಮಣ್ಣನ ಪಾಲಿಗೆ ಬಂದಿತ್ತು. ಅದು ಒಂದೊಂದೇ ಗುಡಿಸಲು ದಾಟಿ, ಬೇಲಿಯ ತನಕ ಬಂದು, ಅಲ್ಲಿಗೆ ನಿಂತುಹೋಗುವುದು.

"ಅವ್ವಾ, ನಮ್ಮನ್ಯಾಕೆ ಕೇಳಾಕಿಲ್ಲ?" ಎಂದಳು ಚಿಕ್ಕಕ್ಕ.

"ನಮ್ ಬೆಂಕಿ ಅಲ್ಲಿಗೇ ಕಾಣ್ತೈತೆ. ಮನಿಕ."

ಎಂಟನೆಯ ದಿನ ಬೆಳಗ್ಗೆ ಬೇಲಿಯೊಳಗೆ ಗಲಾಟೆಯೋ ಗಲಾಟೆ. ಚಿರತೆ ಬೇಲಿ ಹಾರಿ, ಬೊಮ್ಮಣ್ಣನ ಗುಡಿಸಲಿಗೇ ನುಗ್ಗಿ, ಓಬಕ್ಕನ ಮೇಕೆಯನ್ನು ಎತ್ತಿಕೊಂಡು ಹೋಗಿತ್ತು. ಆ ಬುದ್ಧಿವಂತ, ಮೇಕೆಯ ಜೋಪಾನಕ್ಕೆಂದು ಅದನ್ನು ಮಲಗಿದ ತನ್ನ ಕೂಸಿನ ಮಗ್ಗುಲಲ್ಲೇ ಕಟ್ಟಿದ್ದನಂತೆ.

ಅವತ್ತು ಇಳಿಹೊತ್ತಿಗೆ ಬೊಮ್ಮಣ್ಣ ಆ ಕೂಸನ್ನು ಎತ್ತಿಕೊಂಡು ಅವಳ ಮುಳ್ಳಿನಾಚೆ ಬಂದು ನಿಂತ.

"ಅತ್ತಿಗೆ, ಇವತ್ತೊಂದಿನ ಇವ್ಳು ನಿನ್ ತಾವ ಮನಿಕ್ಕಳ್ಳಿ. ನಿನ್ ಬೇಲಿ ಗಟ್ಟಿ ಐತೆ."

"ಇನ್ನೂ ಎರಡು ದಿನ ಐತಲ್ಲಪ್ಪಾ," ಎಂದಳು ಓಬಕ್ಕ. ಚುಚ್ಚಲು ಅಂದದ್ದಲ್ಲ. ಆದರೂ ಅವನ ಮುಖ ಕಪ್ಪಿಟ್ಟಿತು. "ನಮ್ಗೆ ರೋಗ ಐತೋ ಇಲ್ವೋ ನಂಗೇ ತಿಳೀದು. ಕೂಸ್ನ ಇಲ್ಲಿ ಬುಡಬ್ಯಾಡ. ಮೇಕೆಗಳ್ನೆಲ್ಲ ದೂರದಲ್ಲಿ ಒಂದೇ ದೊಡ್ಡಿ ಮಾಡಿ ಕೂಡು. ಮಕ್ಕಳ್ನ ನಡೂಕ ಮನಗ್ಸು. ನಿಮ್ಮಣ್ಣ ಅಂಗೇ ಅಂತಿದ್ರು."

ಬೊಮ್ಮಣ್ಣ ಕೂಸನ್ನು ಎತ್ತಿಕೊಂಡೇ ಹೊರಟುಹೋದ. ಹೊತ್ತು ಮುಳುಗಿತು. ಕೂಗು ಶುರುವಾಗಿ ಒಂದೊಂದೇ ಗುಡಿಸಲು ದಾಟಿತು, ಬೇಲಿಯ ತನಕ ಬಂತು, ನಿಂತಿತು. ಓಬಕ್ಕ ಸೌದೆಯನ್ನು ಬೆಂಕಿಗೆ ತಳ್ಳಿದಳು. ಆಗ ಬೇಲಿ ದಾಟಿ ಹೆಜ್ಜೆಯ ಸದ್ದು ಇತ್ತ ಬಂತು.

"ಅತ್ತಿಗೆ, ಬೆಂಕಿ ಐತಾ?"

ಐತೆ ಅನ್ನಲು ಬಾಯಿ ತೆರೆದಳು. ಇಷ್ಟು ದಿನ ಬಾರದಿದ್ದ ಅಳು ಮಾತಿಗಿಂತ ಮೊದಲೇ ಬಂದುಬಿಟ್ಟಿತು. ಕೊನೆಗೆ ಚಿಕ್ಕಕ್ಕನೇ ಕೂಗಿ ಹೇಳಿದಳು:

"ಐತೆ ಚಿಕ್ಕಪ್ಪಾ!"