ಬಿಚ್ಚಿಟ್ಟು ಹೋದ ಓಲೆಗಳು

ರಕ್ತದ ಕಲೆಯನ್ನು ಬಿಸಿನೀರಿಗೆ ಹಾಕಬಾರದು, ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಬಟ್ಟೆ ತೊಳೆದು ಇಸ್ತ್ರಿ ಮಾಡಿಕೊಡುವ ಅಂಗಡಿಯಲ್ಲಿ ದುಡಿಯುವ ಹೆಂಗಸಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಆ ಭಾನುವಾರ ಮಗಳ ಸ್ಕೂಲ್ ಶರ್ಟಿನ ತೋಳಿನಲ್ಲಿ ಕಂದು ಕಲೆ ಕಂಡದ್ದೇ ಅವಳಿಗೆ ಕೈಕಾಲು ಆಡಲಿಲ್ಲ. ಶರ್ಟನ್ನು ಸೀದಾ ಬಿಸಿನೀರಿನ ಬಕೆಟ್ಟಿಗೇ ಅದ್ದಿಬಿಟ್ಟಳು.

"ಗುಬ್ಬೀ, ಬಾ ಇಲ್ಲಿ."

ಒಂಬತ್ತನೇ ಕ್ಲಾಸಿನ ಹುಡುಗಿ. ಕಡ್ಡಿಯಂಥ ಕೈಕಾಲು, ಗಾಳಿ ಬೀಸಿದರೆ ಹಾರಿಹೋಗುತ್ತಾಳೇನೋ ಅನ್ನಿಸುವಂಥ ಮೈ. ಹಾಗಾಗಿ ಹುಟ್ಟಿದಾಗ ಇಟ್ಟ ಹೆಸರನ್ನು ಎಲ್ಲರೂ ಮರೆತು ಗುಬ್ಬಿ ಎಂದೇ ಕರೆಯುತ್ತಿದ್ದರು. ಅಮ್ಮ ಅವಳ ತೋಳು ಮೇಲಕ್ಕೆ ಸರಿಸಿದಳು, ಕುತ್ತಿಗೆ ಹೊರಳಿಸಿದಳು, ಬೆನ್ನು ನೋಡಿದಳು. ಒಂದು ಗೀರೂ ಇರಲಿಲ್ಲ.

"ಏನಮ್ಮಾ, ಬದನೆಕಾಯಿ ತಿರುಗಿಸಿ ನೋಡೋ ಥರ ನೋಡ್ತಿದೀಯ?"

"ಈ ರಕ್ತ ಯಾರದ್ದೇ?"

"ಫ್ರೆಂಡಿಗೆ ಮೂಗಲ್ಲಿ ಬಂತು. ಒರೆಸಿದೆ."

"ಶರ್ಟಲ್ಲಾ?"

"ಕರ್ಚೀಫ್ ಇರ್ಲಿಲ್ಲ."

ಒಳಗೆ ಗಂಡ ಮಲಗಿದ್ದ. ಅವನು ಲಾರಿ ಡ್ರೈವರು. ದೂರದ ಟ್ರಿಪ್ ಮುಗಿಸಿ ಬಂದ ದಿನ ಮನೆಯಲ್ಲಿ ಪಾತ್ರೆಯನ್ನೂ ಸದ್ದಾಗದಂತೆ ಇಡಬೇಕು. ಇನ್ನೂ ಕೇಳಿದರೆ ದನಿ ಏರುತ್ತದೆ, ಅವನು ಎದ್ದುಬಿಡುತ್ತಾನೆ. ಅಮ್ಮ ಬಾಯಿ ಮುಚ್ಚಿಕೊಂಡು ಶರ್ಟನ್ನು ಹಿಂಡಿದಳು.

ಕೆಲವು ದಿನಗಳಿಂದ ಗುಬ್ಬಿ ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ. ಮುಸುಕಿನೊಳಗೆ ಫೋನಿನ ಬೆಳಕು ಕಾಣುತ್ತಿತ್ತು. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯುತ್ತಿತ್ತು. ಮೇಲಿನ ಮನೆಯ ಹುಡುಗಿ, ಒಂದನೇ ಕ್ಲಾಸಿನಿಂದ ಜೊತೆಗೇ ಸ್ಕೂಲಿಗೆ ಹೋಗುತ್ತಿದ್ದವಳು, ಈಗ ಬಾಗಿಲು ತಟ್ಟುವುದನ್ನೇ ಬಿಟ್ಟಿದ್ದಳು. ಯಾರೋ ನನ್ನ ಮಗಳಿಗೆ ಹೊಡೆಯುತ್ತಿದ್ದಾರೆ ಎಂದುಕೊಂಡಳು ಅಮ್ಮ.

ಮಾರನೆಯ ಬೆಳಗ್ಗೆ ಗುಬ್ಬಿ ಹೊರಟುಹೋದ ಮೇಲೆ ಅಮ್ಮ ಮುಖ ತೊಳೆಯಲು ಬಚ್ಚಲಿಗೆ ಹೋದಳು. ಸೋಪಿನ ಡಬ್ಬಿಯಲ್ಲಿ ಮಗಳ ಎರಡೂ ಓಲೆಗಳಿದ್ದವು. ಪಕ್ಕದಲ್ಲಿ ನೇಲ್ ಕಟರ್, ನೆಲದ ಮೇಲೆ ಕತ್ತರಿಸಿದ ಉಗುರಿನ ಚೂರುಗಳು. ಮಲಗುವಾಗಲೂ ಓಲೆ ತೆಗೆಯದ ಹುಡುಗಿ.

ಅಂಗಡಿಯಲ್ಲಿ ಆವತ್ತು ಅವಳು ಒಂದೇ ಪ್ಯಾಂಟಿನ ಮೇಲೆ ಇಸ್ತ್ರಿಪೆಟ್ಟಿಗೆ ಓಡಿಸಿದ್ದೇ ಓಡಿಸಿದ್ದು.

"ಅದಕ್ಕೆ ಜೀವ ಇದ್ದಿದ್ರೆ ಇಷ್ಟು ಹೊತ್ತಿಗೆ ಎದ್ದು ಓಡ್ತಿತ್ತು," ಎಂದಳು ಅಂಗಡಿಯ ಒಡತಿ. ಮೂರು ಹೆಣ್ಣುಮಕ್ಕಳನ್ನು ಬೆಳೆಸಿದವಳು, ಬಾಯಿ ಸ್ವಲ್ಪ ಜೋರು. "ಏನಾಯ್ತು? ಹೇಳು."

ಅಮ್ಮ ಕಲೆಯ ವಿಷಯ ಹೇಳಿದಳು. ಓಲೆಯ ವಿಷಯ ಹೇಳುವಾಗ ಒಡತಿಯ ಮುಖದ ನಗು ಇಳಿಯಿತು.

"ಓಲೆ ಬಿಚ್ಚಿಟ್ಟು, ಉಗುರು ಕತ್ತರಿಸಿಕೊಂಡು ಹೋಗಿದಾಳಾ? ಕೂದಲು?"

"ಗಂಟು ಹಾಕಿದ್ಲು. ಬಿಗಿಯಾಗಿ."

"ಅಯ್ಯೋ ಪೆದ್ದೀ! ಅದು ಹೊಡೆದಾಟಕ್ಕೆ ಹೋಗೋರ ಲಕ್ಷಣ ಕಣೇ. ಓಲೆ ಇದ್ರೆ ಎಳೆದು ಕಿವಿ ಹರೀತಾರೆ. ನನ್ನ ಎರಡನೇವಳೂ ಹಿಂಗೇ ಮಾಡ್ತಿದ್ಲು. ಇಸ್ತ್ರಿ ಆಫ್ ಮಾಡು. ಹೊರಡು, ಸ್ಕೂಲ್ ಬಿಡೋ ಹೊತ್ತಾಯ್ತು."

ಅಮ್ಮ ಓಡಿದಳು. ಚಪ್ಪಲಿಯ ಬಾರು ಕಿತ್ತುಬಂತು, ಕಾಲೆಳೆದುಕೊಂಡೇ ಓಡಿದಳು. ಸ್ಕೂಲ್ ಗೇಟಿನಿಂದ ಮಕ್ಕಳು ಹೊರಗೆ ಬರುತ್ತಿದ್ದರು. ಚಿಕ್ಕವರು ಬಸ್ಸಿನ ಕಡೆ ಹೋದರೆ ದೊಡ್ಡವರು ಮನೆಯ ದಾರಿ ಬಿಟ್ಟು ಮುಚ್ಚಿಹೋದ ಟಾಕೀಸಿನ ಕಡೆ ಹೋಗುತ್ತಿದ್ದರು, ಆಟ ಶುರುವಾಗಿಬಿಡುತ್ತದೇನೋ ಎಂಬ ಅವಸರದಲ್ಲಿ. ಒಬ್ಬ ಹುಡುಗ ನಡೆಯುತ್ತಲೇ ಫೋನಿನ ಕ್ಯಾಮೆರಾ ಒರೆಸಿಕೊಳ್ಳುತ್ತಿದ್ದ. ಅದನ್ನು ಕಂಡು ಅವಳೂ ಅವರ ಹಿಂದೆಯೇ ಓಡಿದಳು.

ಟಾಕೀಸಿನ ಹಿಂದೆ, ಮೊದಲು ಸೈಕಲ್ ನಿಲ್ಲಿಸುತ್ತಿದ್ದ ಜಾಗದಲ್ಲಿ ಮಕ್ಕಳು ಸುತ್ತುಗಟ್ಟಿ ನಿಂತಿದ್ದರು. ಕೈಗಳೆಲ್ಲ ಮೇಲೆ, ಕೈಕೈಯಲ್ಲೂ ಫೋನು. "ಬಿಡಬೇಡ! ಹಾಕು! ಇನ್ನೊಂದು ಹಾಕು!"

"ನನ್ನ ಮಗಳು... ದಾರಿ ಬಿಡ್ರೋ, ನನ್ನ ಮಗಳನ್ನ ಹೊಡೀತಿದಾರೆ!"

ಯಾರೂ ದಾರಿ ಬಿಡಲಿಲ್ಲ. ಮೊಣಕೈಯಿಂದ ತಳ್ಳಿಕೊಂಡು ಒಳಗೆ ನುಗ್ಗಿದಳು.

ಕೆಳಗೆ ಬಿದ್ದಿದ್ದವಳು ಗುಬ್ಬಿಯಲ್ಲ. ಮೇಲಿನ ಮನೆಯ ಹುಡುಗಿ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿದಿತ್ತು. ಗುಬ್ಬಿ ಅವಳ ಎದೆಯ ಮೇಲೆ ಮೊಣಕಾಲೂರಿ, ಅವಳ ಜಡೆಯನ್ನು ಎಡಗೈಗೆ ಸುತ್ತಿಕೊಂಡಿದ್ದಳು. ಕೂಗುತ್ತಿರಲಿಲ್ಲ. ಮೆಲ್ಲಗೆ, ಒಂದೊಂದೇ ಪದ ಬಿಡಿಸಿ ಹೇಳುತ್ತಿದ್ದಳು.

"ಏನಂದೆ? ಇನ್ನೊಂದ್ಸಲ ಹೇಳು. ಹೇಳು, ಕೇಳ್ತೀನಿ."

ಅಮ್ಮ ಅಲ್ಲೇ ನಿಂತುಬಿಟ್ಟಳು. ಆ ಮಾತು ಅವಳಿಗೆ ಗೊತ್ತಿತ್ತು. ಆ ಮೆಲ್ಲನೆಯ ದನಿ, ಪದಪದದ ನಡುವೆ ಬಿಡುವ ಆ ಹೊತ್ತು, ಜಡೆಯನ್ನು ಕೈಗೆ ಸುತ್ತಿಕೊಳ್ಳುವ ಆ ಬಗೆ, ಎಲ್ಲವೂ ಗೊತ್ತಿತ್ತು. ಅಡುಗೆಮನೆಯ ಗೋಡೆಗೆ ಒತ್ತಿ ಹಿಡಿದು ಗಂಡ ತನಗೆ ಹೇಳುತ್ತಿದ್ದದ್ದು ಇದೇ ಮಾತು. ಮಗಳು ಮಲಗಿದ್ದಾಳೆ ಎಂದೇ ಅವಳು ಪ್ರತಿಸಲವೂ ಅಂದುಕೊಂಡಿದ್ದಳು.

ಮಗಳ ಕೈ ಮತ್ತೆ ಮೇಲೆದ್ದಿತು. ಅಮ್ಮ ನಡುವೆ ಬಿದ್ದಳು. ಏಟು ಅವಳ ಕೆನ್ನೆಗೆ ಬಿತ್ತು. ಬಾಯೊಳಗೆ ಉಪ್ಪು ರುಚಿ ಹರಡಿತು. ಗುಬ್ಬಿಯ ಕಣ್ಣು ಅಮ್ಮನನ್ನೇ ನೋಡುತ್ತಿತ್ತು, ಗುರುತು ಮಾತ್ರ ಹಿಡಿದಿರಲಿಲ್ಲ. ಅದೊಂದು ಗಳಿಗೆ ಅಮ್ಮನಿಗೆ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಮೇಲೇ ಭಯವಾಯಿತು. ಕೈಯನ್ನು ಮುಖಕ್ಕೆ ಅಡ್ಡ ಹಿಡಿದಳು.

ಆ ಅಡ್ಡ ಹಿಡಿದ ಕೈ ಕಂಡು ಗುಬ್ಬಿ ಜಡೆ ಬಿಟ್ಟಳು.

"ಅಮ್ಮಾ?"

ಸುತ್ತಲಿದ್ದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಅಮ್ಮ ಸೆರಗನ್ನು ಆ ಹುಡುಗಿಯ ಹುಬ್ಬಿಗೆ ಒತ್ತಿ ಹಿಡಿದು, ಆಟೋ ನಿಲ್ಲಿಸಿ ಇಬ್ಬರನ್ನೂ ಹತ್ತಿಸಿದಳು.

ಕ್ಲಿನಿಕ್ಕಿನಲ್ಲಿ ಹೊಲಿಗೆ ಹಾಕುತ್ತಿರುವಾಗ ಸುದ್ದಿ ತಿಳಿದು ಆ ಹುಡುಗಿಯ ಅಜ್ಜಿ ಬಂದಳು. ಅಮ್ಮ ಎದ್ದು ಕೈಮುಗಿದಳು.

"ಬೈಯಿರಿ ಅಜ್ಜೀ. ಏನು ಬೇಕಾದ್ರೂ ಅನ್ನಿ."

ಅಜ್ಜಿ ಬೈಯಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತಳು. ಅಷ್ಟರಲ್ಲಿ ಒಳಗಿನಿಂದ ಹುಡುಗಿಯ ಅಳು ಕೇಳಿಸಿತು: "ನಾನು ಕ್ಲಾಸಲ್ಲಿ ಸುಮ್ನೆ ಹೇಳಿದ್ದು ಅಜ್ಜೀ. ಅವಳಪ್ಪ ಅವರಮ್ಮಂಗೆ ಹೊಡೆಯೋ ಸದ್ದು ನಮ್ಮನೆಗೆ ಕೇಳ್ಸುತ್ತೆ ಅಂತ. ಆಮೇಲೆ ಎಲ್ಲರೂ ಅವಳನ್ನ ಆಡ್ಕೊಳ್ಳೋಕೆ ಶುರು ಮಾಡಿದ್ರು. ಶುಕ್ರವಾರ ನನ್ನ ಮೂಗಿಗೆ ಗುದ್ದಿದ್ಲು. ಇವತ್ತು ಮತ್ತೆ ಹೊಡೆದಾಡ್ಬೇಕು ಅಂತ ಎಲ್ಲರೂ ಸೇರಿ ಎತ್ತಿಕಟ್ಟಿದ್ರು..."

ಗುಬ್ಬಿ ತಲೆ ಎತ್ತಲಿಲ್ಲ. ಇಡೀ ಕ್ಲಾಸಿಗೆ ಗೊತ್ತು. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದವಳು ತಾನೊಬ್ಬಳೇ.

"ಸದ್ದು ಕೇಳಿಸ್ತಿತ್ತಮ್ಮಾ," ಎಂದಳು ಅಜ್ಜಿ, ನೆಲ ನೋಡುತ್ತ. "ಕೇಳಿಸಿದಾಗೆಲ್ಲ ನಾನು ಟೀವಿ ಜೋರು ಮಾಡ್ತಿದ್ದೆ."

ಅಮ್ಮನ ಫೋನು ಹೊಡೆದುಕೊಳ್ಳತೊಡಗಿತು. ಗಂಡ. ವೀಡಿಯೊ ಅಷ್ಟು ಹೊತ್ತಿಗೆ ಅವನ ಕೈಗೂ ಬಂದಿತ್ತು.

"ಎಲ್ಲಿದೀರಿ ಇಬ್ರೂ? ನಾನಿವತ್ತು ಅವಳ ಕೈ ಮುರಿದು ಹಾಕ್ತೀನಿ. ಕರ್ಕೊಂಡು ಬಾ."

ಅವಳು ಯಾವಾಗಲೂ ಹೇಳುವ ಮಾತು ನಾಲಿಗೆಯ ತುದಿಗೆ ಬಂತು: ಬರ್ತಿದೀವಿ ಕಣ್ರೀ, ಕೋಪ ಮಾಡ್ಕೋಬೇಡಿ. ಪಕ್ಕದಲ್ಲಿ ಗುಬ್ಬಿ ಅವಳ ಬಾಯನ್ನೇ ನೋಡುತ್ತಿದ್ದಳು.

"ಬರಲ್ಲ," ಎಂದಳು ಅಮ್ಮ. ಗೋಡೆಗೊರಗಿದಳು. "ಅಕ್ಕನ ಮನೆಗೆ ಹೋಗ್ತೀವಿ."

"ಏನಂದೆ? ಇನ್ನೊಂದ್ಸಲ..."

ಅವಳು ಫೋನು ಇಟ್ಟಳು.

ಅಕ್ಕ ಬಾಗಿಲು ತೆಗೆದವಳೇ ತಂಗಿಯ ಕೆನ್ನೆ ನೋಡಿದಳು. "ಅವನೇನಾ?" ಎಂದು ಕೇಳಿ, ಗುಬ್ಬಿಯ ಮುಖ ಕಂಡು ಇಬ್ಬರನ್ನೂ ಒಳಗೆ ಕರೆದುಕೊಂಡಳು. ಎರಡು ಚಾಪೆ ಹಾಸಿದಳು, ಬಾಗಿಲಿಗೆ ಚಿಲಕ ಹಾಕಿ ಅದರ ಹಿಂದೆ ಕುರ್ಚಿಯನ್ನೂ ಇಟ್ಟಳು.

ಬೀದಿಯಲ್ಲಿ ಯಾವುದೇ ಗಾಡಿ ನಿಧಾನವಾದರೂ ಮೂವರೂ ಬಾಗಿಲ ಕಡೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಗುಬ್ಬಿ ಕೇಳಿದಳು.

"ಅಮ್ಮಾ, ನಂಗೆ ಹೊಡೀತಾ ನಿಲ್ಲಿಸೋಕೇ ಆಗ್ಲಿಲ್ಲ. ಕೈ ನಂದಲ್ಲ ಅನ್ನಿಸ್ತಿತ್ತು. ನಾನೂ ಅಪ್ಪನ ಹಾಗೇ ಆಗಿಬಿಡ್ತೀನಾ?"

ಛೇ, ಹುಚ್ಚಿ, ಎಲ್ಲಾದ್ರೂ ಉಂಟಾ ಎಂದುಬಿಡುವುದು ಸುಲಭವಿತ್ತು. ಅವಳಿಗೆ ಟಾಕೀಸಿನ ಹಿಂದೆ ಕಂಡ ಆ ಕಣ್ಣುಗಳು ನೆನಪಾದವು.

"ನಂಗೂ ಅದೇ ಭಯ ಕಣೇ," ಎಂದಳು. "ನಾಳೆ ಸ್ಕೂಲಿಗೆ ಇಬ್ರೂ ಹೋಗೋಣ. ಹೆಡ್ ಮಿಸ್ ಹತ್ರ ಎಲ್ಲಾ ಹೇಳೋಣ, ಮನೇದೂ ಸೇರಿಸಿ. ನಾನೇ ಹೇಳ್ತೀನಿ."

ಗುಬ್ಬಿ ಹತ್ತಿರ ಸರಿದು ಬಂದಳು. ಅಮ್ಮನ ತೋಳು ಹಿಡಿಯಲು ಕೈ ಚಾಚಿ, ನಡುವೆಯೇ ನಿಲ್ಲಿಸಿದಳು, ಮುಟ್ಟಬಹುದೋ ಇಲ್ಲವೋ ಎಂಬಂತೆ. ಅಮ್ಮನ ಭುಜ ತಾನಾಗಿಯೇ ಒಮ್ಮೆ ಬೆಚ್ಚಿತು. ಆದರೂ ಅವಳು ಆ ಕೈಯನ್ನು ಎಳೆದುಕೊಂಡು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡಳು. ಗೆಣ್ಣುಗಳು ಊದಿ ಬಿಸಿಯಾಗಿದ್ದವು.