ಹತ್ತನೇ ಪುಟದಿಂದ ಮುಂದೆ

ನಾಟಕ ಮಂದಿರದ ಮೇಲ್ಮಹಡಿಯಲ್ಲಿ ಕೂತು ಹೊಸಬರ ಕಿರುನಾಟಕಗಳನ್ನು ಓದುವ ಆ ಮನುಷ್ಯನನ್ನು ಎಲ್ಲರೂ ಪಟ್ಟಿ ಮೇಷ್ಟ್ರು ಎನ್ನುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ವರ್ಷಕ್ಕೊಮ್ಮೆ ಬರುವ ಅರವತ್ತು ಎಪ್ಪತ್ತು ನಾಟಕಗಳಲ್ಲಿ ಆರನ್ನು ಆರಿಸಿ, ಒಂದೊಂದಕ್ಕೂ ಅರ್ಧ ಪುಟದ ಶಿಫಾರಸು ಬರೆದು, ಪುಸ್ತಿಕೆ ಅಚ್ಚು ಹಾಕಿಸಿ ಕಾಲೇಜುಗಳಿಗೂ ಹವ್ಯಾಸಿ ತಂಡಗಳಿಗೂ ಹಂಚುವುದು ಅವರ ಕೆಲಸ. ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದರು. ಪಟ್ಟಿಗೆ ಸೇರದವರಿಗೂ ನಾಲ್ಕು ಸಾಲಿನ ಕಾಗದ ಹೋಗುತ್ತಿತ್ತು. ‘ನಾನು ಓದದೆ ಒಂದಕ್ಷರ ಬರೆಯೋನಲ್ಲ’ ಎಂದು ಅವರು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಕೇಳದವರಿಗೂ ಹೇಳುತ್ತಿದ್ದರು.

ಈ ವರ್ಷದ ಪುಸ್ತಿಕೆ ಅಚ್ಚಾಗಿ ಬಂದು ಗೋಡೆಗೊರಗಿ ಕಟ್ಟುಕಟ್ಟಾಗಿ ಕೂತಿತ್ತು. ಭಾನುವಾರ ಬಿಡುಗಡೆ. ಆ ದಿನ ನಟರು ಆರರಲ್ಲಿ ಒಂದು ನಾಟಕವನ್ನು ಓದಿ ತೋರಿಸುವವರಿದ್ದರು. ಅದು ಟೈಲರಮ್ಮನ ನಾಟಕ.

ಟೈಲರಮ್ಮ ಕೆಳಗಿನ ಉಡುಪಿನ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಹೊಲಿಯುವವಳು. ರಾಜನ ಕೋಟಿನಿಂದ ಹಿಡಿದು ಭಿಕ್ಷುಕನ ತೇಪೆಯವರೆಗೆ ಎಲ್ಲ ಅವಳ ಕೈ ದಾಟಿಯೇ ಹೋಗಬೇಕು. ಹೊಲಿಯುತ್ತಲೇ ಸಾವಿರ ತಾಲೀಮು ಕಿವಿಗೆ ಹಾಕಿಕೊಂಡಿದ್ದಳು. ಮೊದಲ ಬಾರಿಗೆ ತಾನೇ ಒಂದು ನಾಟಕ ಬರೆದಿದ್ದಳು: ಆಸ್ಪತ್ರೆಯ ಕಾರಿಡಾರಿನಲ್ಲಿ ಒಂದೇ ಕುರ್ಚಿ, ಅದಕ್ಕಾಗಿ ಜಗಳವಾಡುವ ಇಬ್ಬರು ಅಪರಿಚಿತರು.

ಶುಕ್ರವಾರ ಮಧ್ಯಾಹ್ನ ಅವಳು ಕತ್ತಿನಲ್ಲಿ ಅಳತೆ ಟೇಪು ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ನಟನಿಗೆ ಕೊಟ್ಟಿದ್ದ ಪ್ರತಿ.

‘ಮೇಷ್ಟ್ರೇ, ಒಂದು ಮಾತು. ಬೇಜಾರು ಮಾಡ್ಕೋಬೇಡಿ.’

‘ಬನ್ನಿ ಬನ್ನಿ, ನಾಟಕಕಾರರು! ಕೂತ್ಕೊಳ್ಳಿ. ಇನ್ಮೇಲೆ ನಮ್ಮನ್ನೆಲ್ಲ ಮಾತಾಡಿಸ್ತೀರೋ ಇಲ್ವೋ.’

ಅವಳು ಕೂರಲಿಲ್ಲ. ‘ಇದನ್ನ ಓದೋ ಹುಡುಗನ ತೋಳಿನ ಅಳತೆ ತಗೋತಿದ್ದೆ. ಟೈಲರಮ್ಮ, ಆಸ್ಪತ್ರೇಲಿ ಇದ್ದೋರು ಇದ್ದಕ್ಕಿದ್ದಂಗೆ ಮನೆ ಮಾರೋಕೆ ಯಾಕೆ ಹೊರಟ್ರು ಅಂದ. ಯಾವ ಮನೆ ಅಂದೆ. ತೋರಿಸಿದ. ಹತ್ತನೇ ಪುಟದಿಂದ ಮುಂದೆ ನಂದಲ್ಲ, ಮೇಷ್ಟ್ರೇ.’

ಮೇಷ್ಟ್ರು ಪ್ರತಿಯನ್ನು ತೆಗೆದುಕೊಂಡು ಪುಟ ಮಗುಚಿದರು. ಒಂಬತ್ತನೇ ಪುಟದ ಕೊನೆಯಲ್ಲಿ ‘ಅವಳು’ ಹೇಳುತ್ತಾಳೆ: ಏಳ್ತೀರೋ, ಇಲ್ಲ ನಾನೂ ಇಲ್ಲೇ ಕೂರಲೋ? ಹತ್ತನೇ ಪುಟದ ಮೊದಲಲ್ಲಿ ‘ಅವನು’ ಹೇಳುತ್ತಾನೆ: ಈ ಗೋಡೆಗೆ ಮೊದಲು ಕಿಟಕಿ ಇತ್ತು. ಈಗಿನ ನಾಟಕಕಾರರು ಪಾತ್ರಗಳಿಗೆ ಹೆಸರಿಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಎಲ್ಲರೂ ಅವನು, ಅವಳು.

ಮೇಷ್ಟ್ರು ಎದ್ದರು. ತಿರಸ್ಕರಿಸಿದ ನಾಟಕಗಳ ಬೀರು ತೆರೆದರು. ಮೂರನೇ ಕಟ್ಟಿನಲ್ಲಿ ಆ ಮನೆಯ ನಾಟಕ ಸಿಕ್ಕಿತು. ಗಂಡ ಹೆಂಡತಿ ಮನೆ ಮಾರುವ ಮುಂಚೆ ಕೋಣೆಕೋಣೆ ನೋಡುತ್ತಾರೆ. ಹತ್ತನೇ ಪುಟದಲ್ಲಿ ಕುರ್ಚಿ ಬರುತ್ತದೆ. ಎರಡೂ ಹದಿನೆಂಟು ಪುಟ. ಎರಡರದ್ದೂ ಒಂದೇ ಅಚ್ಚಿನ ಅಕ್ಷರ.

‘ಝೆರಾಕ್ಸ್ ಅಂಗಡಿಯವನು’ ಎಂದರು ಮೇಷ್ಟ್ರು. ‘ಅವನಿಗೆ ಬುದ್ಧಿ ಅನ್ನೋದೇ ಇಲ್ಲ.’

ಹೇಳುತ್ತಿದ್ದ ಹಾಗೆಯೇ ನೆನಪಾಯಿತು. ಅಂಗಡಿಗೆ ಕೊಟ್ಟೇ ಇರಲಿಲ್ಲ. ಓದುವ ಮೊದಲು ಕೆಳಗಿನ ಆಫೀಸಿನ ಯಂತ್ರದಲ್ಲಿ ತಾವೇ ನಕಲು ತೆಗೆದದ್ದು. ಯಂತ್ರ ಹಾಳೆ ಕಚ್ಚಿಕೊಂಡಿತ್ತು, ಫೋನು ಹೊಡೆದುಕೊಳ್ಳುತ್ತಿತ್ತು, ಎರಡು ನಾಟಕಗಳ ಹಾಳೆಗಳು ನೆಲಕ್ಕೆ ಬಿದ್ದಿದ್ದವು. ಪುಟದ ಸಂಖ್ಯೆ ನೋಡಿ ಜೋಡಿಸಿ ಪಿನ್ನು ಹೊಡೆದಿದ್ದರು. ಆದರೂ ಮಾತು ಬಾಯಿಂದ ಹೊರಟಾಗಿತ್ತು. ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಟೈಲರಮ್ಮ ಒಂದು ಪುಸ್ತಿಕೆ ಬಿಡಿಸಿ ತನ್ನ ನಾಟಕದ ಪುಟ ತೆಗೆದಳು. ನಿಧಾನವಾಗಿ, ಅಕ್ಷರಕ್ಕೆ ಅಕ್ಷರ ಓದಿದಳು: ‘ಆಸ್ಪತ್ರೆಯ ಕಾರಿಡಾರು ಯಾವ ಸೂಚನೆಯೂ ಇಲ್ಲದೆ ಮನೆಯಾಗಿಬಿಡುತ್ತದೆ. ನಡುವೆ ಹೀಗೆ ಕಡಿದು ಬೇರೆಡೆಗೆ ಜಿಗಿಯುವ ಧೈರ್ಯ ನಮ್ಮ ಕಿರುನಾಟಕಗಳಲ್ಲಿ ಅಪರೂಪ.’

‘ನಾನು ಜಿಗೀಲೇ ಇಲ್ಲವಲ್ಲ’ ಎಂದಳು. ‘ಆ ಇನ್ನೊಬ್ಬರಿಗೆ ಏನು ಬರೆದ್ರಿ?’

ಕಾಗದದ ನಕಲು ಕಟ್ಟಿನ ಮೇಲೆಯೇ ಇತ್ತು. ಮುಚ್ಚಿಡುವುದಕ್ಕೆ ಮುಂಚೆ ಅವಳು ಓದಿಬಿಟ್ಟಳು: ‘ಮೊದಲರ್ಧ ಬಿಗಿಯಾಗಿದೆ. ಆದರೆ ಮನೆ ಮಾರಲು ಹೊರಟವರು ಕಾರಣವಿಲ್ಲದೆ ಆಸ್ಪತ್ರೆ ಸೇರುತ್ತಾರೆ. ಬರೆಯುವವರಿಗೇ ದಾರಿ ತಪ್ಪಿದೆ.’

‘ಅಲ್ಲ, ನಂಗೆ ಧೈರ್ಯ, ಅವರಿಗೆ ದಾರಿ ತಪ್ಪಿದ್ದಾ? ಎರಡೂ ಒಂದೇ ಅಲ್ವಾ, ಮೇಷ್ಟ್ರೇ?’

‘ಅದು ಹಾಗಲ್ಲ, ಟೈಲರಮ್ಮ. ಅದರಲ್ಲಿ ಒಂದು ಲಯ... ಸಂದರ್ಭ ಬೇರೆ...’ ಮೇಷ್ಟ್ರು ಬೀರು ಮುಚ್ಚಿದರು. ಆಮೇಲೆ, ತಮಗೇ ನಂಬಲಾಗದ ಹಾಗೆ, ದನಿ ತಗ್ಗಿಸಿ ಅಂದರು: ‘ಒಂದು ಹೇಳ್ಲಾ? ಹಾಗೇ ಬಿಟ್ಬಿಡೋಣ. ನಟರಿಗೆ ಇಷ್ಟ ಆಗಿದೆ, ನಿಮ್ಮ ಹೆಸರಲ್ಲಿ ಅಚ್ಚಾಗಿದೆ. ಯಾರಿಗೆ ಗೊತ್ತಾಗುತ್ತೆ?’

ಟೈಲರಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಅಳತೆ ತಗೊಳ್ಳುವಾಗ ನೋಡುವ ಹಾಗೆ. ‘ನನ್ನ ಅಂಗಿಗೆ ಬೇರೆಯವರ ತೋಳು ಹೊಲಿದು, ಚೆನ್ನಾಗಿದೆ ಹಾಕ್ಕೋ ಅಂತೀರಾ?’ ಎಂದು ಕೇಳಿ ಇಳಿದು ಹೋದಳು.

ಸಂಜೆ ಮನೆಯಲ್ಲಿ ಮೇಷ್ಟ್ರು ಹೆಂಡತಿಗೆ ವಿಷಯ ಹೇಳಿದರು. ಅಂಚೆ ಕಚೇರಿಯ ಕೌಂಟರಿನಲ್ಲಿ ದಿನವಿಡೀ ಕೂತು ಬಂದಿದ್ದ ಆಕೆ ಒಗೆದ ಬಟ್ಟೆ ಮಡಚುತ್ತಿದ್ದಳು. ಹೆಂಡತಿಗೂ ಅವರು ಅಂಗಡಿಯವನ ಕಥೆಯನ್ನೇ ಹೇಳಿದರು.

‘ಅಂಗಡಿಯವನು ಕಲಸಿದ, ಸರಿ. ಓದಿದ್ದು ಯಾರು?’

‘ನಾನೇ. ಓದಿದೆ ಕಣೇ. ಜಿಗಿತ ಕಾಣಿಸ್ತು. ಅದಕ್ಕೇ ತಾನೇ ಧೈರ್ಯ ಅಂತ ಬರೆದಿದ್ದು.’

‘ಅದಕ್ಕಲ್ಲ.’ ಆಕೆ ದಿಂಬಿನ ಚೀಲ ಕೊಡವಿದಳು. ‘ಆ ನಾಟಕ ಬಂದ ದಿನವೇ ಹೇಳಿದ್ರಲ್ಲ. ಟೈಲರಮ್ಮ ಬರೆದಿದಾಳೆ, ಹಾಕ್ಲೇಬೇಕು, ಹೊಲಿಗೆಯವಳನ್ನ ಕಂಡುಹಿಡಿದೋನು ನಾನು ಅಂತ ಜನ ಅಂತಾರೆ ಅಂತ. ಆಗಿನ್ನೂ ನೀವು ಕವರು ಒಡೆದಿರಲಿಲ್ಲ. ನನ್ನ ಕೈಲೇ ಕತ್ತರಿ ಕೇಳಿದ್ರಿ.’

ಹೆಂಡತಿಯ ನೆನಪು ಅಂಚೆ ಮುದ್ರೆಯಂಥದು. ಬಿತ್ತೆಂದರೆ ತಾರೀಖು ಸಮೇತ. ಮೇಷ್ಟ್ರಿಗೂ ಎಲ್ಲ ನೆನಪಿತ್ತು. ಟೈಲರಮ್ಮನ ನಾಟಕದಲ್ಲಿ ಏನು ಕಂಡರೂ ಅದು ಚೆನ್ನಾಗಿಯೇ ಇರಬೇಕೆಂದು ಮೊದಲೇ ನಿರ್ಧಾರವಾಗಿತ್ತು. ಇನ್ನೊಂದು, ದೂರದ ಊರಿನ ಯಾವನೋ ಬಸ್ ಡಿಪೋದ ಟೈಮ್ ಕೀಪರು ಕಳಿಸಿದ್ದು. ಅದರ ಮೇಲೆ ಹೆಸರು, ಕೆಲಸ, ವಿಳಾಸ ನೋಡಿ ಆಕಳಿಸಿದ್ದರು. ಓದಿದ್ದೇನೋ ನಿಜ. ಹನ್ನೊಂದು ವರ್ಷದಲ್ಲಿ ಇಂಥವು ಎಷ್ಟು ಹೋಗಿರಬಹುದು ಎಂಬ ಲೆಕ್ಕ ತಲೆಗೆ ಬಂತು. ಆ ಲೆಕ್ಕಕ್ಕೆ ಅವರು ಕೈ ಹಾಕಲಿಲ್ಲ.

ಶನಿವಾರ ಬೆಳಿಗ್ಗೆ ಮೊದಲು ಟೈಮ್ ಕೀಪರಿಗೆ ಫೋನು ಮಾಡಿದರು. ಹಿಂದೆ ಬಸ್ಸುಗಳ ಸದ್ದು, ಸೀಟಿಯ ಸದ್ದು. ಹೆಸರು ಹೇಳಿದ್ದೇ ತಡ, ಆ ಮನುಷ್ಯ ಹಿಗ್ಗಿಹೋದ.

‘ಸರ್, ನೀವೇ ಫೋನ್ ಮಾಡಿದ್ರಾ! ನಿಮ್ಮ ಕಾಗದ ಚೌಕಟ್ಟು ಹಾಕಿಸಿ ಇಟ್ಟಿದೀನಿ ಸರ್. ಯಾರೂ ನಂಗೆ ಉತ್ತರಾನೇ ಬರೆದಿರಲಿಲ್ಲ.’

‘ಅದರಲ್ಲಿ ಆಸ್ಪತ್ರೆ ಅಂತ...’

‘ಹೌದು ಸರ್, ಮೊದಲು ಗೊತ್ತಾಗ್ಲಿಲ್ಲ. ನನ್ನ ನಾಟಕದಲ್ಲಿ ಆಸ್ಪತ್ರೆ ಎಲ್ಲಿದೆ ಅಂತ ಎರಡು ದಿನ ತಲೆ ಕೆರ್ಕೊಂಡೆ. ಆಮೇಲೆ ಹೊಳೀತು. ಪಾತ್ರಗಳಿಗೆ ಕಾಯಿಲೆ ಹತ್ತಿದೆ, ಬದುಕಲ್ಲ ಅಂತ ಹೇಳ್ತಿದೀರಿ. ದೊಡ್ಡೋರು ಹಾಗೇ ಅಲ್ವಾ ಸರ್ ಹೇಳೋದು. ಎರಡನೇ ಅರ್ಧ ಪೂರ್ತಿ ಹರಿದು ಹಾಕ್ದೆ.’

‘ಹರಿದ್ರಾ? ನಕಲು ಇಟ್ಕೊಂಡಿದೀರಾ?’

‘ಇಲ್ಲ ಸರ್. ನಿಮ್ಮ ಮಾತು ಅಂದ್ಮೇಲೆ ಯಾಕೆ ಇಟ್ಕೊಳ್ಳಲಿ?’

ಮೇಷ್ಟ್ರು ಈ ಸಲ ಅಂಗಡಿಯವನನ್ನು ಎಳೆದು ತರಲಿಲ್ಲ. ಯಂತ್ರ, ಹಾಳೆ, ಪಿನ್ನು, ಆಕಳಿಕೆ, ಎಲ್ಲ ಹೇಳಿದರು. ಆ ಕಡೆ ಒಂದು ಬಸ್ಸು ಹೊರಟು ಹೋಯಿತು.

‘ಹಾಗಾದ್ರೆ ನಾನು ಬರೆದಿದ್ದು ಚೆನ್ನಾಗಿತ್ತಾ ಸರ್?’

‘ನಿಮ್ಮ ನಾಟಕ ನಿಮ್ಮದಾಗಿ ನಾನು ಇನ್ನೂ ಓದಿಲ್ಲ. ನಿಮ್ಮ ಎರಡನೇ ಅರ್ಧ ನನ್ನ ಹತ್ತಿರ ಇದೆ. ಕಳಿಸ್ತೀನಿ.’

‘ಕಳಿಸಿ’ ಎಂದ ಆ ಮನುಷ್ಯ. ಈಗ ‘ಸರ್’ ಇರಲಿಲ್ಲ. ಫೋನು ಇಟ್ಟ.

ಅಲ್ಲಿಂದ ಮೇಷ್ಟ್ರು ಉಡುಪಿನ ಕೋಣೆಗೆ ಇಳಿದರು. ಟೈಲರಮ್ಮ ಮಿಷನ್ನಿನ ಮುಂದೆ ಬೆನ್ನು ಬಾಗಿಸಿ ಕೂತಿದ್ದಳು. ನಿಂತೇ ಎಲ್ಲ ಹೇಳಿದರು. ಕವರು ಒಡೆಯುವ ಮೊದಲೇ ತೀರ್ಮಾನ ಮಾಡಿದ್ದು ಎಂದೂ ಸೇರಿಸಿದರು. ಮಿಷನ್ನು ನಿಂತಿತು.

‘ಅಂದ್ರೆ ನಾಟಕ ನೋಡಿ ಹಾಕಿದ್ದಲ್ಲ. ನನ್ನ ಮುಖ ನೋಡಿ ಹಾಕಿದ್ದು.’

‘ಹೌದು.’

‘ಊರಿಂದ ತಂಗಿ ಬಂದಿದಾಳೆ. ಅವಳ ಅತ್ತೆ ಮನೆಯವರೆಲ್ಲ ನಾಳೆ ಬರ್ತಾರೆ.’ ಅವಳು ದಾರ ಕಚ್ಚಿ ತುಂಡು ಮಾಡಿದಳು. ಅಳಲಿಲ್ಲ, ಬೈಯಲೂ ಇಲ್ಲ. ‘ಓದಿಸ್ಬೇಡಿ. ಪಟ್ಟಿಯಿಂದ ತೆಗೀರಿ. ಯಾಕೆ ತೆಗೆದಿದ್ದು ಅಂತ ನಾಳೆ ನೀವೇ ನಿಂತು ಹೇಳ್ಬೇಕು. ಟೈಲರಮ್ಮಂಗೆ ಬರೆಯೋಕೆ ಬರಲಿಲ್ಲ ಅಂತ ಯಾರೂ ಅನ್ಬಾರದು.’

‘ನಿಮ್ಮ ಹಾಳೆಗಳನ್ನ ಸರಿಯಾಗಿ ಜೋಡಿಸಿ ಈಗ ಓದ್ಲಾ? ಕುರ್ಚಿದು ಪೂರ್ತಿ...’

‘ಬೇಡ. ಈಗ ನೀವು ಓದಿದ್ರೆ ಚೆನ್ನಾಗಿದೆ ಅಂತಲೇ ಅಂತೀರಿ.’

ಮೇಷ್ಟ್ರು ಮೆಟ್ಟಿಲು ಹತ್ತಿದರು.

ಭಾನುವಾರ ಸಭಾಂಗಣ ತುಂಬಿತ್ತು. ಮಂದಿರದ ಕಾರ್ಯದರ್ಶಿ ಮೈಕಿನ ಬಳಿ ಅವರ ಕಿವಿಯಲ್ಲಿ ‘ತಾಂತ್ರಿಕ ಕಾರಣ ಅಂದು ಮುಗಿಸಿ, ಸಾಕು’ ಎಂದು ಉಸುರಿದರು. ಮೇಷ್ಟ್ರು ಮುಗಿಸಲಿಲ್ಲ. ಹಾಳೆ ಕಲಸಿದ್ದು ತಾವು ಎಂದರು. ಅದೇ ತಪ್ಪನ್ನು ಒಬ್ಬರಲ್ಲಿ ಹೊಗಳಿ ಇನ್ನೊಬ್ಬರಲ್ಲಿ ತೆಗಳಿದ್ದು ಎಂದರು. ಎರಡು ಕಡೆಯೂ ಬರೆದವರ ಹೆಸರು ನೋಡಿ ತೀರ್ಪು ಕೊಟ್ಟದ್ದು, ಟೈಲರಮ್ಮನಿಗೆ ಗೊತ್ತಾದ ಮೇಲೂ ಮುಚ್ಚಿಹಾಕಲು ನೋಡಿದ್ದು, ಏನನ್ನೂ ಬಿಡಲಿಲ್ಲ. ಪುಸ್ತಿಕೆಯ ಮಾತುಗಳನ್ನು ಇನ್ನು ನಂಬಬೇಡಿ, ಈ ಕೆಲಸ ನಾಳೆಯಿಂದ ಬೇರೆಯವರು ಮಾಡಲಿ ಎಂದು ಬರೆದು ತಂದಿದ್ದ ಕಾಗದ ಮಡಚಿದರು. ಯಾರಾದರೂ ಒಬ್ಬರು ಎದ್ದು ಥೂ ಎಂದಿದ್ದರೆ ಹಗುರಾಗುತ್ತಿತ್ತು.

ಮುಂದಿನ ಸಾಲಿನಲ್ಲಿದ್ದ ಕಾಲೇಜಿನ ಪ್ರಿನ್ಸಿಪಾಲರು ಎದ್ದರು. ‘ಎಂಥ ದೊಡ್ಡ ಮನಸ್ಸು! ಈ ಕಾಲದಲ್ಲಿ ಹೀಗೆ ಒಪ್ಪಿಕೊಳ್ಳೋರು ಯಾರಿದ್ದಾರೆ?’ ಎಂದು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲುಗಳು ಹಿಡಿದುಕೊಂಡವು. ಐದನೇ ಸಾಲಿನಲ್ಲಿ ಟೈಲರಮ್ಮ ತಂಗಿಯ ಪಕ್ಕ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ತಂಗಿ ಏನೋ ಕೇಳುತ್ತಿದ್ದಳು, ಅವಳು ತಲೆಯಾಡಿಸುತ್ತಿದ್ದಳು.

ಮೇಷ್ಟ್ರು ಮತ್ತೆ ಮೈಕಿಗೆ ಬಾಯಿ ತಂದು, ‘ದಯವಿಟ್ಟು ಚಪ್ಪಾಳೆ ತಟ್ಟಬೇಡಿ’ ಎಂದರು.

ಚಪ್ಪಾಳೆ ಇನ್ನೂ ಜೋರಾಯಿತು.