ಖಾಯಂ ಗಿರಾಕಿ

ತುರ್ತು ಚಿಕಿತ್ಸಾ ವಿಭಾಗದ ಬಾಗಿಲಲ್ಲಿ ದರ್ಜಿ ಎದೆ ಹಿಡಿದು ನಿಂತದ್ದೇ ತಡ, ಆಯಾ ಒಳಕ್ಕೆ ಕೂಗಿದಳು: "ಸಿಸ್ಟರ್, ಖಾಯಂ ಗಿರಾಕಿ ಬಂದ್ರು!"

ಹಿರಿಯ ನರ್ಸ್‌ಗೆ ನಗು ತಡೆಯಲಾಗಲಿಲ್ಲ. ಅಣ್ಣ ಬಟ್ಟೆ ಕತ್ತರಿಸುತ್ತಿದ್ದಲ್ಲೇ ಕುಸಿದು ಸತ್ತ ಮೇಲೆ ದರ್ಜಿಗೆ ಭಯ ಅಂಟಿಕೊಂಡಿತ್ತು. ಎದೆ ಸ್ವಲ್ಪ ಡವಗುಟ್ಟಿದರೂ ಓಡಿ ಬರುತ್ತಿದ್ದ. ಪರೀಕ್ಷೆಗಳಲ್ಲಿ ಏನೂ ಸಿಕ್ಕಿರಲಿಲ್ಲ. ಭಯಕ್ಕೆ ಮದ್ದು ಯಾವ ಅಂಗಡಿಯಲ್ಲಿ ಸಿಗುತ್ತದೆ?

"ನಿಜವಾದ ರೋಗಿಗಳಿಗೇ ಮಂಚ ಇಲ್ಲ. ದಿನಾ ಸಾಯೋರಿಗೆ ಅಳೋರ್ಯಾರು?" ಎಂದರು ಡಾಕ್ಟರು. ಮಂಚದ ಮಾತೇನೂ ಸುಳ್ಳಲ್ಲ. ಕಾಲು ಮುರಿದವನೊಬ್ಬ ನೆಲದ ಮೇಲೇ ನರಳುತ್ತಿದ್ದ.

ನರ್ಸ್ ಒಂದು ಉಪಾಯ ಕಂಡುಕೊಂಡಿದ್ದಳು. ದರ್ಜಿಯನ್ನು ಪರದೆಯ ಹಿಂದೆ ಕೂರಿಸಿ, ಹೊದಿಕೆ ಹೊದಿಸಿ, ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕುವುದು. ಸಿಲಿಂಡರ್ ಮಾತ್ರ ತೆರೆಯದೇ ಬಿಡುವುದು. ಸ್ವಲ್ಪ ಹೊತ್ತಿಗೆ ಅವನು "ಈಗ ಹಗುರ ಆಯ್ತು ತಾಯಿ" ಎಂದು ಎದ್ದು, ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟು ಹೋಗುತ್ತಿದ್ದ. ಆಮೇಲೆ ನಗು. ದ್ವೇಷವೇನೂ ಇರಲಿಲ್ಲ, ದಣಿದವರಿಗೆ ನಗಲು ಯಾರಾದರೊಬ್ಬ ಬೇಕಿತ್ತು, ಅಷ್ಟೇ.

ಆ ದಿನ ನಗು ಬೇಗ ಶುರುವಾಯಿತು. "ಬರೀ ಮಾಸ್ಕಿಗೇ ವಾಸಿ ಆಗ್ಬಿಟ್ರು, ಸಿಲಿಂಡರ್ ಓಪನ್ನೇ ಮಾಡಿಲ್ಲ!" ಎಂದಳು ಆಯಾ. ಪರದೆಯ ಆಚೆ ದರ್ಜಿ ಇನ್ನೂ ಹೊದಿಕೆ ಮಡಿಸುತ್ತಿದ್ದ. ಹೊರಬಂದವನು ಯಾರ ಮುಖವನ್ನೂ ನೋಡಲಿಲ್ಲ. ನರ್ಸ್‌ಗೆ ಪಿಚ್ಚೆನಿಸಿತು. ಅಷ್ಟರಲ್ಲಿ ಇನ್ನೊಬ್ಬ ರೋಗಿ ಬಂದ, ಮರೆತಳು.

ಮತ್ತೆ ಅವನು ಬರಲಿಲ್ಲ. "ಒಳ್ಳೆ ಮದ್ದೇ ಕೊಟ್ರಿ ಬಿಡಿ ಸಿಸ್ಟರ್" ಎಂದು ಆಯಾ ತಮಾಷೆ ಮಾಡಿದಳು.

ಒಂದು ಮಧ್ಯಾಹ್ನ ಹೆಂಡತಿ ಅವನನ್ನು ನೆರೆಯವರ ವ್ಯಾನಿನಲ್ಲಿ ಮಲಗಿಸಿಕೊಂಡು ಬಂದಳು. ಈ ಸಲ ಎಲ್ಲರೂ ಓಡಿದರು. ನರ್ಸ್ ಅವನ ಎದೆ ಒತ್ತಿ ಒತ್ತಿ ಬೆವೆತುಹೋದಳು. ಕೊನೆಗೆ ಡಾಕ್ಟರು ತಲೆಯಾಡಿಸಿದರು. "ಹೃದಯಾಘಾತ. ಸ್ವಲ್ಪ ಬೇಗ ಕರ್ಕೊಂಡು ಬರ್ಬೇಕಿತ್ತಮ್ಮಾ."

"ಬೆಳಗ್ಗೆಯಿಂದ ಬಡ್ಕೋತಾನೇ ಇದ್ದೆ. 'ಬೇಡ ಕಣೇ, ಅಲ್ಲಿ ನಗ್ತಾರೆ' ಅಂದ್ರು," ಎಂದಳು ಹೆಂಡತಿ.

"ಛೆ, ಇಲ್ಲಿ ಯಾರೂ..." ಎಂದು ಡಾಕ್ಟರು ಬಾಯಿ ತೆಗೆದರು.

"ನಕ್ಕಿದ್ದು ನಾನು," ಎಂದಳು ನರ್ಸ್. ಸಿಲಿಂಡರಿನ ವಿಷಯವನ್ನೂ ಮುಚ್ಚಿಡದೆ ಹೇಳಿದಳು. "ಬೈದ್ಬಿಡಿ ನನ್ನ."

ಹೆಂಡತಿ ಬೈಯಲಿಲ್ಲ. "ಕೋಪ ಬಂದಿದ್ರೆ ಜಗಳಕ್ಕಾದ್ರೂ ಬರ್ತಿದ್ರು. ಅವರಿಗೆ ನಾಚಿಕೆ ಆಗ್ಬಿಡ್ತು," ಎನ್ನುತ್ತಲೇ ಗೋಡೆ ಹಿಡಿದು ಕುಸಿದಳು. ಉಸಿರು ಕಟ್ಟಿಕೊಂಡು ಬರುತ್ತಿತ್ತು.

ನರ್ಸ್ ಅವಳನ್ನು ಒರಗಿಸಿಕೊಂಡು ನಾಡಿ ಹಿಡಿದಳು. "ಮನೇಲಿ ಹೀಗಾದ್ರೆ ತಕ್ಷಣ ಬನ್ನಿ ಅಮ್ಮಾ. ಎಷ್ಟು ಸಲ ಆದ್ರೂ ಸರಿ, ಬನ್ನಿ."

ಹೆಂಡತಿ ಅವಳ ಮುಖವನ್ನೇ ನೋಡಿದಳು. "ನಗಲ್ವಾ?"

ನರ್ಸ್ ಹಿಡಿದ ಕೈ ಬಿಡದೆ, ಎಲ್ಲರೆದುರು ಅತ್ತುಬಿಟ್ಟಳು.